ದುಬಾರಿ ಪೆಲೆಟ್ ಡಬ್ಬಿ ಕೊಳ್ಳಬೇಕಾ? 10 ಮೀಟರ್ ಶೂಟರ್‌ಗಳಿಗೊಂದು ಲೆಕ್ಕ

ಹೋದ ತಿಂಗಳು ರೇಂಜ್‌ನಲ್ಲಿ ಮಂಡ್ಯದ ಹುಡುಗನೊಬ್ಬ ಫೋನ್ ಮುಂದೆ ಹಿಡಿದು ಕೇಳಿದ. ‘ಅಣ್ಣಾ, ಈ ಡೈ ತಗೊಂಡ್ರೆ ಗ್ರೂಪ್ ಚಿಕ್ಕದಾಗುತ್ತಾ?’ ಗ್ರೂಪ್ ಅಂದರೆ ಒಂದೇ ಕಡೆ ಗುರಿಯಿಟ್ಟು ಹೊಡೆದ ಗುಂಡುಗಳ ತೂತಿನ ಗುಂಪು, ಚಿಕ್ಕದಾದಷ್ಟೂ ಒಳ್ಳೆಯದು. ಅದು ಅಮೆರಿಕದ ವಿಡಿಯೊ. ಅಲ್ಲಿನ ಶೂಟರ್‌ಗಳು ಹಾರಿಸಿದ ಕಾಟ್ರಿಜ್‌ನ ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ, ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ಆ ಚಿಪ್ಪನ್ನು ಅಳತೆಗೆ ತರುವ ಉಕ್ಕಿನ ಅಚ್ಚಿಗೆ ಡೈ ಅನ್ನುತ್ತಾರೆ. ಲೀ ಕಂಪನಿಯ ಸಾದಾ ಸೆಟ್ ಇದೆ, ರೆಡ್ಡಿಂಗ್‌ನ ಮೈಕ್ರೊಮೀಟರ್ ಕೂರಿಸಿದ ದುಬಾರಿ ಸೆಟ್ಟೂ ಇದೆ. ಆ ದುಡ್ಡಿಗೆ ತಕ್ಕ ಅಂಕ ಸಿಗುತ್ತಾ ಅಂತ ಅಲ್ಲಿ ವಾದ ಮುಗಿಯುವುದೇ ಇಲ್ಲ.

ನಾನು ಅವನಿಗೆ ಹೇಳಿದ್ದು ಇಷ್ಟು. ನೀನು ಹೊಡೆಯೋದು ಏರ್ ರೈಫಲ್ ಕಣಪ್ಪಾ, ಅದಕ್ಕೆ ಚಿಪ್ಪೂ ಇಲ್ಲ ಮದ್ದೂ ಇಲ್ಲ. ಮೇಲಾಗಿ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ, ಆ ವಿಡಿಯೊ ನೋಡಿ ಖುಷಿಪಟ್ಟು ಸುಮ್ನಿರು. ಆದರೆ ಮನೆಗೆ ಬರುವಾಗ ಅವನ ಪ್ರಶ್ನೆ ನನ್ನ ತಲೆಯಲ್ಲೇ ಇತ್ತು. ಯಾಕೆಂದರೆ ನಮ್ಮ ರೇಂಜ್‌ನಲ್ಲಿ ನಡೆಯುವ ಜಗಳವೂ ಅದೇ, ಅಚ್ಚಿನ ಜಾಗದಲ್ಲಿ ಪೆಲೆಟ್ ಡಬ್ಬಿ, ಅಂದರೆ ಏರ್ ರೈಫಲ್ಲಿನ ಸೀಸದ ಗುಂಡಿನ ಡಬ್ಬಿ, ಇದೆ ಅಷ್ಟೇ. ಒಬ್ಬ ಆರ್10 ಅನ್ನುವ ದುಬಾರಿ ಜರ್ಮನ್ ಗುಂಡು ಬಿಟ್ಟು ಬೇರೆ ಮುಟ್ಟುವುದಿಲ್ಲ. ಇನ್ನೊಬ್ಬ ಅತಿ ಅಗ್ಗದ ಡಬ್ಬಿ ತಂದು ‘ಎಲ್ಲಾ ಸೀಸಾನೇ ಅಲ್ವಾ’ ಅನ್ನುತ್ತಾನೆ. ಇಬ್ಬರ ಸ್ಕೋರೂ 654ಕ್ಕೆ 520ರ ಆಸುಪಾಸು. ಇಬ್ಬರೂ ತಪ್ಪು ಅಂತ ನನಗೆ ಅನಿಸುತ್ತದೆ, ಯಾಕೆ ಅಂತ ಹೇಳುತ್ತೇನೆ.

ಮೊದಲು ಟಾರ್ಗೆಟ್ ನೋಡಿ

10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್ ಅಗಲ. ನಮ್ಮ ಗುಂಡು ನಾಲ್ಕೂವರೆ ಮಿಲಿಮೀಟರ್. ಗುಂಡಿನ ಅಂಚು ಆ ಚುಕ್ಕಿಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಗುಂಡಿನ ನಡು ಟಾರ್ಗೆಟ್‌ನ ನಡುವಿನಿಂದ ಎರಡೂವರೆ ಮಿಲಿಮೀಟರ್ ಒಳಗೆ ಬಿದ್ದರೆ 10.0. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಜಾಸ್ತಿ. ತುದಿಗೆ 10.9. 60 ಶಾಟ್‌ಗೆ ಪೂರ್ತಿ ಅಂಕ 654.

ಕಾಲು ಮಿಲಿಮೀಟರ್ ಅಂದರೆ ಎರಡು ಮೂರು ಹಾಳೆಯ ದಪ್ಪ. ಇಷ್ಟು ಸಣ್ಣ ಅಳತೆಗೂ ಬೆಲೆ ಇರುವ ಆಟದಲ್ಲಿ ಗುಂಡಿನ ಗುಣಕ್ಕೂ ಬೆಲೆ ಇದ್ದೇ ಇರುತ್ತದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ.

ಪಿಸ್ತೂಲಿನವರ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ಉಂಗುರ ಹನ್ನೊಂದೂವರೆ ಮಿಲಿಮೀಟರ್ ಅಗಲ, ನಡುವಿನಿಂದ 8 ಮಿಲಿಮೀಟರ್ ಆಚೆ ಬಿದ್ದರೂ ಹತ್ತು. ಅರ್ಹತಾ ಸುತ್ತಿನಲ್ಲಿ ಪಿಸ್ತೂಲಿಗೆ ದಶಾಂಶ ಎಣಿಸುವುದೂ ಇಲ್ಲ, ಪೂರ್ಣಾಂಕ ಮಾತ್ರ, ಒಟ್ಟು 600. ಹಾಗಾಗಿ ಪಿಸ್ತೂಲ್ ಹೊಡೆಯುವವರು ಒಳ್ಳೆಯ ನಡುಮಟ್ಟದ ಡಬ್ಬಿ ತಗೊಂಡು, ಉಳಿದ ದುಡ್ಡನ್ನು ಕೈಗೆ ಹೊಂದುವ ಗ್ರಿಪ್‌ಗೆ ಹಾಕುವುದು ವಾಸಿ. ರಾಜ್ಯ ಮಟ್ಟದ ಮೇಲಕ್ಕೆ ಹೋದ ಮೇಲೆ ಬೇಕಾದರೆ ಮತ್ತೆ ಯೋಚಿಸಿ. ಮುಂದಿನದೆಲ್ಲ ರೈಫಲ್ ಮಾತು.

ಡಬ್ಬಿಯಲ್ಲಿ ಏನು ಬೇರೆ?

ಮಂಡ್ಯದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಆಲೆಮನೆಯಲ್ಲಿ ಪಾಕ ಒಂದೇ, ಕೊಪ್ಪರಿಗೆ ಒಂದೇ. ಆದರೂ ಅಚ್ಚು ಸವೆದಿದ್ದರೆ ಬೆಲ್ಲದ ಅಂಚು ಒಂದೊಂದು ಥರ ಬರುತ್ತದೆ. ಪೆಲೆಟ್ ಕಥೆಯೂ ಹಾಗೇ. ಸೀಸವನ್ನು ಅಚ್ಚಿನಲ್ಲಿ ಒತ್ತಿ ಮಾಡುವುದು. ಹೊಸ ಅಚ್ಚಿನಿಂದ ಬಂದದ್ದಕ್ಕೂ, ಸವೆದ ಅಚ್ಚಿನಿಂದ ಬಂದದ್ದಕ್ಕೂ ತಲೆಯ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅಗ್ಗದ ಡಬ್ಬಿಯಲ್ಲಿ ಹಲವು ಅಚ್ಚುಗಳ ಗುಂಡು ಕಲಸಿಹೋಗಿರಬಹುದು. ಮ್ಯಾಚ್ ದರ್ಜೆಯ ಡಬ್ಬಿಯಲ್ಲಿ ಒಂದು ಲಾಟ್‌ನ (ಒಂದೇ ಸಲಕ್ಕೆ ತಯಾರಾದ ಕಂತಿನ) ಗುಂಡು ಆದಷ್ಟೂ ಒಂದೇ ಥರ ಇರುವಂತೆ ನೋಡಿಕೊಳ್ಳುತ್ತಾರೆ, ಅಳೆದು, ಆರಿಸಿ ತುಂಬುತ್ತಾರೆ. ನೀವು ಜಾಸ್ತಿ ದುಡ್ಡು ಕೊಡುವುದು ಸೀಸಕ್ಕಲ್ಲ, ಈ ಒಂದೇ ಥರ ಇರುವುದಕ್ಕೆ. ಅಮೆರಿಕದವರು ಡೈಗೆ ದುಡ್ಡು ಸುರಿಯುವುದೂ ಇದಕ್ಕೇ.

ಕಂಪನಿಗಳ ಹೆಸರು ಹೇಳಬೇಕೆಂದರೆ, ಜರ್ಮನಿಯ ಫ್ಯೂರ್ತ್ ಊರಿನ ಆರ್‌ಡಬ್ಲ್ಯುಎಸ್‌ನಲ್ಲಿ ಬೇಸಿಕ್ ಕೆಳಗಿನ ಮೆಟ್ಟಿಲು, ಮೈಸ್ಟರ್‌ಕುಗೆಲ್ನ್ ನಡುವಿನದು, ಆರ್10 ಮತ್ತು ಆರ್100 ಮೇಲಿನವು. ಜರ್ಮನಿಯದೇ ಎಚ್ ಆಂಡ್ ಎನ್‌ನಲ್ಲಿ ಫಿನಾಲೆ ಮ್ಯಾಚ್ ಮೇಲಿನದು. ಚೆಕ್ ದೇಶದ ಜೆಎಸ್‌ಬಿ ಇದೆ. ನಮ್ಮ ದೇಶದಲ್ಲೇ ಮಾಡಿದ ಡಬ್ಬಿಗಳೂ ಸಿಗುತ್ತವೆ, ಕಲಿಯುವವರ ಕೈಯಲ್ಲಿ ಜಾಸ್ತಿ ಕಾಣುವುದು ಅವೇ. ಪಂದ್ಯದ ಗುಂಡಿನ ಮೂತಿ ಎಲ್ಲದರಲ್ಲೂ ಚಪ್ಪಟೆ, ಕಾಗದವನ್ನು ದುಂಡಗೆ ಕತ್ತರಿಸಲಿ ಅಂತ. ಹಿಂಭಾಗ ತೆಳ್ಳಗೆ ಅರಳಿರುತ್ತದೆ, ಅದಕ್ಕೆ ಸ್ಕರ್ಟ್ ಅನ್ನುತ್ತಾರೆ, ನಮ್ಮ ರೇಂಜ್‌ನಲ್ಲಿ ಕೆಲವರು ಲಂಗ ಅಂತಲೇ ಅನ್ನುವುದು. ಬ್ಯಾರೆಲ್‌ಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯುವುದು ಆ ಲಂಗವೇ.

ಡಬ್ಬಿಯ ಮೇಲೆ 4.49, 4.50 ಅಂತ ಬರೆದಿರುವುದು ತಲೆಯ ಅಳತೆ. ಈ ಅಂಕಿಯನ್ನು ಜನ ನೋಡುವುದೇ ಇಲ್ಲ. ನಾನೂ ನೋಡುತ್ತಿರಲಿಲ್ಲ.

ನನಗೆ ಬಿದ್ದ ಏಟು

ಒಂದು ವರ್ಷ ಸ್ಕೋರ್ 570ರಲ್ಲಿ ನಿಂತುಬಿಟ್ಟಿತ್ತು. ಇನ್ನೇನು, ಗುಂಡಿನದೇ ದೋಷ ಅಂತ ತೀರ್ಮಾನ ಮಾಡಿ, ದೊಡ್ಡ ಹೆಸರಿನ ಆಮದು ಡಬ್ಬಿ ಎರಡು ತರಿಸಿದೆ. ಮೊದಲ ವಾರ ಸ್ಕೋರ್ ಏರಿತು. ಎರಡನೇ ವಾರ ಇಳಿಯಿತು. ಮೂರನೇ ವಾರ ಹಳೆಯ ಜಾಗಕ್ಕಿಂತ ಕೆಳಗೆ. ಮೊದಲ ವಾರ ಏರಿದ್ದು ಖುಷಿಗೆ, ಗುಂಡಿಗಲ್ಲ ಅಂತ ಈಗ ಗೊತ್ತು. ಆಮೇಲೆ ಕೂತು, ರೈಫಲ್ ಅನ್ನು ಚೀಲದ ಮೇಲೆ ಇಟ್ಟು ಹೊಡೆದು ನೋಡಿದರೆ, ಕ್ಲಬ್ಬಿನ ಆ ಹಳೇ ರೈಫಲ್‌ಗೆ ನನ್ನ ಹಿಂದಿನ ನಡುಮಟ್ಟದ 4.50 ಡಬ್ಬಿಯೇ ಚೆನ್ನಾಗಿ ಕೂರುತ್ತಿತ್ತು. ದುಬಾರಿಯದು 4.49. ಡಬ್ಬಿಯ ತಪ್ಪೇನೂ ಇಲ್ಲ, ಬೇರೆ ಬ್ಯಾರೆಲ್‌ನಲ್ಲಿ ಅದು ಒಂದೇ ತೂತಿನಲ್ಲಿ ಹೋಗುತ್ತಿತ್ತು, ಪಕ್ಕದ ಲೇನ್‌ನ ಹುಡುಗಿಯ ರೈಫಲ್‌ನಲ್ಲಿ ಹೋಗಿಯೇ ಹೋಯಿತು. ಉಳಿದದ್ದನ್ನು ಅವಳಿಗೇ ಕೊಟ್ಟೆ. ಅರ್ಧ ಬೆಲೆಗೆ, ಅದೂ ನಾಚಿಕೆಯಿಂದ.

ಹಾಗಾಗಿ ಚೆಂದದ ಹೆಸರಿಗಿಂತ ನಿಮ್ಮ ಬ್ಯಾರೆಲ್‌ಗೆ ಯಾವ ಅಳತೆ, ಯಾವ ಲಾಟ್ ಒಗ್ಗುತ್ತದೆ ಅನ್ನುವುದು ಮುಖ್ಯ. ಫೈನ್‌ವೆರ್ಕ್‌ಬಾವ್, ವಾಲ್ಟರ್, ಸ್ಟೈಯರ್ ಥರದ ರೈಫಲ್ ಹೊಸದಾಗಿ ತಗೊಂಡರೆ ಜೊತೆಗೆ ಒಂದು ಪರೀಕ್ಷೆಯ ಕಾರ್ಡ್ ಬರುತ್ತದೆ, ಕಾರ್ಖಾನೆಯಲ್ಲಿ ಬಿಗಿದು ಕಟ್ಟಿ ಹೊಡೆದದ್ದು. ಅದರ ಮೇಲೆ ಗುಂಡಿನ ವಿವರ ಇದ್ದರೆ ಅದನ್ನು ಎಸೆಯಬೇಡಿ, ನಿಮ್ಮ ಹುಡುಕಾಟ ಅಲ್ಲಿಂದ ಶುರುವಾಗಲಿ.

ಈಗ ದುಡ್ಡಿನ ಲೆಕ್ಕ

ಬೆಲೆ ಅಂಗಡಿಗೊಂದು, ಲೋಡ್ ಬಂದ ತಿಂಗಳಿಗೊಂದು. ಅದಕ್ಕೇ ಲೆಕ್ಕಕ್ಕೆ ಅಂತ ಒಂದು ಅಂಕಿ ಹಿಡಿಯೋಣ, ನೀವು ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಳ್ಳಿ. ಅಗ್ಗದ ಗುಂಡು ಒಂದಕ್ಕೆ 80 ಪೈಸೆ, ನಡುಮಟ್ಟದ್ದು ಒಂದೂವರೆ ರೂಪಾಯಿ, ಮೇಲಿನದು 3 ರೂಪಾಯಿ. ದಿನಕ್ಕೆ 100 ಶಾಟ್, ತಿಂಗಳಿಗೆ 20 ದಿನ ಅಂದರೆ 2000 ಗುಂಡು. 500ರ ಡಬ್ಬಿ ನಾಲ್ಕು. ಖರ್ಚು ಕ್ರಮವಾಗಿ 1600, 3000, 6000 ರೂಪಾಯಿ. ನಡುವಿನದಕ್ಕೂ ಮೇಲಿನದಕ್ಕೂ ತಿಂಗಳಿಗೆ 3000, ವರ್ಷಕ್ಕೆ 36 ಸಾವಿರ ವ್ಯತ್ಯಾಸ. ಓದುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು ಸಣ್ಣ ಮೊತ್ತ ಅಲ್ಲ.

ಈ 36 ಸಾವಿರಕ್ಕೆ ಎಷ್ಟು ಅಂಕ ಬರುತ್ತದೆ? ಇಲ್ಲೊಂದು ಮಜಾ ಇದೆ. ನಿಮ್ಮ ಕೈಯ ತಪ್ಪು ಮತ್ತು ಗುಂಡಿನ ತಪ್ಪು ನೇರವಾಗಿ ಕೂಡುವುದಿಲ್ಲ. ಒಂದು ಎಡಕ್ಕೆ ಎಳೆದರೆ ಇನ್ನೊಂದು ಯಾವ ಕಡೆಗೋ ಎಳೆಯುತ್ತದೆ. ಎರಡರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು, ಹೈಸ್ಕೂಲಿನ ಪೈಥಾಗೊರಸ್ ಲೆಕ್ಕವೇ. ಅದರಿಂದ ಏನಾಗುತ್ತದೆ ಅಂದರೆ ದೊಡ್ಡ ತಪ್ಪು ಸಣ್ಣ ತಪ್ಪನ್ನು ನುಂಗಿಬಿಡುತ್ತದೆ.

ಉದಾಹರಣೆಗೆ ಅಗ್ಗದ ಗುಂಡು ತನ್ನಷ್ಟಕ್ಕೆ ಸರಾಸರಿ 2 ಮಿಲಿಮೀಟರ್ ಆಚೀಚೆ ಹೋಗುತ್ತದೆ, ನಡುಮಟ್ಟದ್ದು 1.2, ಬ್ಯಾರೆಲ್‌ಗೆ ಒಗ್ಗಿದ ಮೇಲಿನ ದರ್ಜೆಯದು 0.7 ಅಂದುಕೊಳ್ಳೋಣ. ಇವು ಲೆಕ್ಕಕ್ಕೆ ಹಿಡಿದದ್ದು, ನಿಮ್ಮ ರೈಫಲ್‌ನಲ್ಲಿ ಅಳೆದೇ ತಿಳಿಯಬೇಕು.

ಈಗ ಕಲಿಯುತ್ತಿರುವ ಹುಡುಗನ ಕೈ ಸರಾಸರಿ 6 ಮಿಲಿಮೀಟರ್ ತಪ್ಪುತ್ತದೆ ಅನ್ನಿ. ನಡುಮಟ್ಟದ ಗುಂಡಿನಲ್ಲಿ ಅವನ ಸ್ಕೋರ್ ಸುಮಾರು 510. ಅಗ್ಗದ್ದು ಬಿಟ್ಟು ನಡುವಿನದಕ್ಕೆ ಬಂದದ್ದರಿಂದ ಅವನಿಗೆ ಸಿಕ್ಕಿದ್ದು 60 ಶಾಟ್‌ಗೆ ಹೆಚ್ಚು ಕಡಿಮೆ 5 ಅಂಕ. ಅಲ್ಲಿಂದ ಮೇಲಿನದಕ್ಕೆ ಹೋದರೆ ಬರೀ 2 ಅಂಕ. ಎರಡು ಅಂಕ ಅಂದರೆ ಆ ಮಟ್ಟದಲ್ಲಿ ಒಂದು ಕೆಟ್ಟ ಶಾಟ್. ಬೆಳಿಗ್ಗೆ ತಿಂಡಿ ತಿನ್ನದೆ ಬಂದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಕೈ 3 ಮಿಲಿಮೀಟರ್‌ಗೆ ಬಂದವರು, ಅಂದರೆ 580ರ ಹತ್ತಿರ ಇರುವವರು, ಅಗ್ಗದ್ದು ಬಿಟ್ಟರೆ 9 ಅಂಕ ಗಳಿಸುತ್ತಾರೆ. ಮೇಲಿನದಕ್ಕೆ ಹೋದರೆ ಇನ್ನೂ ಮೂರೂವರೆ. ಕೈ ಒಂದೂವರೆ ಮಿಲಿಮೀಟರ್‌ನಲ್ಲಿ ಇರುವವರಿಗೆ, 610 ದಾಟಿದವರಿಗೆ, ಅಗ್ಗದ ಗುಂಡು 14 ಅಂಕ ತಿನ್ನುತ್ತದೆ, ನಡುವಿನದರಿಂದ ಮೇಲಿನದಕ್ಕೆ ಹೋದರೆ ಆರೂವರೆ ಅಂಕ ವಾಪಸ್ ಸಿಗುತ್ತದೆ. ದೇಶದ ತಂಡಕ್ಕೆ ಆಡುವವರು 630ರ ಸುತ್ತ ಹೊಡೆಯುತ್ತಾರೆ. ಅಂದರೆ ಕೈ, ರೈಫಲ್, ಗುಂಡು ಎಲ್ಲದರ ತಪ್ಪು ಸೇರಿಸಿಯೂ ಅವರ ಸರಾಸರಿ ಒಂದು ಮಿಲಿಮೀಟರ್‌ಗೆ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿ ಗುಂಡೇ 1.2 ತಪ್ಪಿದರೆ ಕಥೆ ಮುಗಿಯಿತು, ದೇವರೇ ಬಂದು ಹಿಡಿದರೂ 630 ಬರುವುದಿಲ್ಲ.

ಅದಕ್ಕೇ ಆ ಮಟ್ಟದವರು ಡಬ್ಬಿ ಕೊಳ್ಳುವುದಿಲ್ಲ, ಲಾಟ್ ಕೊಳ್ಳುತ್ತಾರೆ. ತಯಾರಕರ ಪರೀಕ್ಷಾ ಕೇಂದ್ರದಲ್ಲಿ ತಮ್ಮ ಬ್ಯಾರೆಲ್ ಬಿಗಿದು, ಒಂದಾದ ಮೇಲೊಂದು ಲಾಟ್ ಹಾರಿಸಿ, ಚೆನ್ನಾಗಿ ಕೂತದ್ದನ್ನು ಸಾವಿರಗಟ್ಟಲೆ ತರಿಸಿಕೊಳ್ಳುತ್ತಾರೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು, ಅರ್ಜುನ್ ಬಬೂತಾ 2024ರಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕನೆಯವರಾಗಿ ಪದಕ ತಪ್ಪಿಸಿಕೊಂಡದ್ದು, ಎರಡೂ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ 0.1 ಅಂಕಕ್ಕೂ ಹೊಡೆದಾಟ. ಅವರು ಮಾಡಿದ್ದನ್ನು ನಾವು ಮಾಡಬೇಕು ಅಂತ ಇಲ್ಲ.

ಮನೆಯಲ್ಲಿ ಸ್ಪ್ರಿಂಗ್ ಏರ್‌ಗನ್ ಇಟ್ಟುಕೊಂಡಿರುವವರಿಗೂ ಒಂದು ಮಾತು. 20 ಜೂಲ್ ಒಳಗಿನ ಶಕ್ತಿಯ, ನಾಲ್ಕೂವರೆ ಮಿಲಿಮೀಟರ್ ಬೋರ್‌ನ ಏರ್‌ಗನ್‌ಗೆ 2016ರ ನಿಯಮಗಳಲ್ಲಿ ಲೈಸೆನ್ಸ್ ಬೇಡ, ಗುರುತಿನ ಚೀಟಿ ಕೊಟ್ಟು ಕೊಳ್ಳಬಹುದು. ಆದರೆ ಸಾದಾ ಸ್ಪ್ರಿಂಗ್ ಗನ್ ಒದೆಯುತ್ತದೆ, ಅದರ ಬ್ಯಾರೆಲ್‌ನದೇ ಚೆಲ್ಲಾಟ ಜಾಸ್ತಿ. ಅದಕ್ಕೆ ಆರ್10 ಹಾಕುವುದು ದಸರಾ ವಸ್ತುಪ್ರದರ್ಶನದ ಬಲೂನ್ ಅಂಗಡಿಯ ಬಂದೂಕಿಗೆ ಹಾಕಿದ ಹಾಗೆ.

ಪರೀಕ್ಷೆ ಮಾಡುವುದು ಹೇಗೆ

ಬೇರೆಯವರ ಮಾತು ಕೇಳಿ ಕೊಳ್ಳುವ ಬದಲು ಒಂದು ಭಾನುವಾರ ಇದಕ್ಕೆ ಕೊಡಿ. ರೇಂಜ್‌ನಲ್ಲಿ ಮೂರು ನಾಲ್ಕು ಜನ ಸೇರಿ ಬೇರೆ ಬೇರೆ ಡಬ್ಬಿ ತನ್ನಿ, ಒಬ್ಬೊಬ್ಬರೂ 60–70 ಗುಂಡು ಹಂಚಿಕೊಂಡರೆ ಸಾಕು, ಯಾರೂ ನಾಲ್ಕು ಡಬ್ಬಿ ಕೊಳ್ಳಬೇಕಿಲ್ಲ. ಮೇಜಿನ ಮೇಲೆ ಗಟ್ಟಿಯಾಗಿ ಕೂರುವ ಚೀಲ ಇಡಿ. ನಾವು ಬಳಸುವುದು ರಾಗಿ ತುಂಬಿದ ಚೀಲ, ಮರಳಿಗಿಂತ ಚೆನ್ನಾಗಿ ಮಣಿಯುತ್ತದೆ, ರೈಫಲ್‌ಗೆ ಧೂಳೂ ಹಿಡಿಯುವುದಿಲ್ಲ. ಡಬ್ಬಿ ಬದಲಿಸಿದಾಗ ಮೊದಲ 20 ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರೆಲ್ ಹೊಸ ಗುಂಡಿಗೆ ಒಗ್ಗಲಿ. ಆಮೇಲೆ ಹತ್ತು ಹತ್ತರ ನಾಲ್ಕು ಗ್ರೂಪ್ ಹೊಡೆಯಿರಿ. ಐದು ಶಾಟ್‌ನ ಒಂದು ಗ್ರೂಪ್ ನೋಡಿ ಕುಣಿಯುವವರನ್ನು ನಂಬಬೇಡಿ, ಐದು ಶಾಟ್ ಅದೃಷ್ಟಕ್ಕೂ ಕೂರುತ್ತದೆ.

ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಅದರಲ್ಲಿ ನಾಲ್ಕೂವರೆ ಕಳೆದರೆ ನಡುವಿನಿಂದ ನಡುವಿಗೆ ಎಷ್ಟು ಅಂತ ಸಿಗುತ್ತದೆ. ನಾಲ್ಕು ಗ್ರೂಪಿನ ಸರಾಸರಿ ತೆಗೆಯಿರಿ. ಯಾವ ಡಬ್ಬಿ ಯಾವುದು ಅಂತ ಹೊಡೆಯುವವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಹಾಗೆ ಮಾಡಿದಾಗ, ದುಬಾರಿಯದು ಇದೇ ಅಂತ ಎದೆ ತಟ್ಟಿ ಹೇಳಿದವರ ಮುಖ ನೋಡುವಂತಿತ್ತು.

ಒಂದು ಡಬ್ಬಿ ಗೆದ್ದರೆ ಅದರ ತಳದಲ್ಲಿರುವ ಲಾಟ್ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಗೆ ಫೋನ್ ಮಾಡಿ ಅದೇ ನಂಬರ್ ಇದೆಯಾ ಅಂತ ಕೇಳಿ. ಹೆಸರು ಅದೇ, ಅಳತೆಯೂ ಅದೇ, ಲಾಟ್ ಮಾತ್ರ ಬೇರೆ ಅಂದರೆ ಮತ್ತೆ ಚೀಲ ಹೊರಗೆ ತೆಗೆಯಬೇಕಾಗುತ್ತದೆ. ‘ಅದೇ ಸಾರ್, ಸೇಮ್ ಟು ಸೇಮ್’ ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ ನಾನು ಆರು ಡಬ್ಬಿ ತಂದಿದ್ದೆ. ಸೇಮ್ ಇರಲಿಲ್ಲ.

ಗುಂಡನ್ನು ಒಂದೊಂದಾಗಿ ತೂಗುವವರೂ ಇದ್ದಾರೆ. ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಯಲ್ಲಿ ಇರುವಂಥ ಸಣ್ಣ ತಕ್ಕಡಿ ತಗೊಂಡು ನಾನೂ ಒಂದು ಮಳೆಗಾಲ ಪೂರ್ತಿ ತೂಗಿದೆ. ರೈಫಲ್‌ನ ಆರ್10 ಗುಂಡು 0.53 ಗ್ರಾಂ. ಹಗುರದ್ದು, ಭಾರದ್ದು ಅಂತ ಬೇರೆ ಮಾಡಿಟ್ಟೆ. ತೂಕ ಬದಲಾದರೆ ವೇಗ ಬದಲಾಗುತ್ತದೆ, ಸೆಕೆಂಡಿಗೆ 170 ಮೀಟರ್ ಸುಮಾರಿಗೆ ಹೋಗುವ ಗುಂಡಿನ ವೇಗ 3 ಮೀಟರ್ ಹೆಚ್ಚು ಕಡಿಮೆಯಾದರೆ ಟಾರ್ಗೆಟ್‌ನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಮೇಲೆ ಕೆಳಗೆ ಆಗುತ್ತದೆ, ಅದು ನಿಜ. ಆದರೆ ಮ್ಯಾಚ್ ಡಬ್ಬಿಯಲ್ಲಿ ಅಷ್ಟು ಏರುಪೇರು ನನಗೆ ಸಿಗಲಿಲ್ಲ. ಅಗ್ಗದ ಡಬ್ಬಿಯಲ್ಲಿ ಸಿಕ್ಕಿತು, ಆದರೆ ಅದನ್ನು ತೂಗುತ್ತಾ ಕೂತ ಸಮಯಕ್ಕೆ ನಡುಮಟ್ಟದ ಡಬ್ಬಿಯೇ ಬರುತ್ತಿತ್ತು. ತೂಗುವ ಬದಲು ಕಣ್ಣಲ್ಲಿ ನೋಡಿ ಲಂಗ ಮಡಚಿದ್ದನ್ನು ತೆಗೆದುಹಾಕಿ, ಅದರಲ್ಲೇ ಅರ್ಧ ಕೆಲಸ ಆಗುತ್ತದೆ.

ಲಂಗದ ಮಾತು ಬಂತಲ್ಲ, ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಗೇ ಹಾಕಿಕೊಂಡು ಓಡಾಡಬೇಡಿ. ಮಂಡ್ಯದಿಂದ ಮೈಸೂರಿಗೆ ಹಂಪುಗಳ ಮೇಲೆ ಕುಣಿದು ಬಂದ ಡಬ್ಬಿ ಎಷ್ಟೇ ದುಬಾರಿಯದಾದರೂ ಅಗ್ಗದ್ದೇ. ಸೀಸ ಉಗುರು ತಾಗಿದರೂ ಗೀಚುವಷ್ಟು ಮೆತ್ತಗೆ. ಮೇಲಿನ ದರ್ಜೆಯ ಕೆಲವು ಗುಂಡುಗಳು ಒಂದೊಂದಕ್ಕೂ ಗುಳಿ ಇರುವ ಟ್ರೇಯಲ್ಲಿ ಬರುವುದು ಸುಮ್ನೆ ಅಲ್ಲ. ಡಬ್ಬಿಯೊಳಗೆ ಮೇಲಿನ ಸ್ಪಂಜನ್ನು ಹಾಗೇ ಬಿಡಿ, ಬಟ್ಟೆ ಸುತ್ತಿ ಬ್ಯಾಗಿಗೆ ಹಾಕಿ. ಇನ್ನೊಂದು, ಗುಂಡನ್ನು ಬಾಯಲ್ಲಿ ಇಟ್ಟುಕೊಳ್ಳುವ ಹುಡುಗರನ್ನು ಕಂಡರೆ ಬಯ್ಯಿರಿ. ಸೀಸ ವಿಷ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಮದ್ದೂರು ವಡೆಗೆ ಕೈ ಹಾಕಬೇಕು.

ಹಾಗಾದರೆ ಯಾರು ಏನು ತಗೋಬೇಕು

ಮೊದಲ ಆರು ತಿಂಗಳು, ಇನ್ನೂ ನಿಲ್ಲುವುದನ್ನೇ ಕಲಿಯುವವರು, ಕ್ಲಬ್ ಕೊಟ್ಟ ಗುಂಡು ಹೊಡೆಯಿರಿ, ಯೋಚನೆ ಬೇಡ. ಸ್ಕೋರ್ ಬರೆಯಲು ಶುರು ಮಾಡಿದ ದಿನ ಅಗ್ಗದ್ದು ಬಿಡಿ. ಇದರಲ್ಲಿ ನಾನು ಹಟ ಹಿಡಿಯುತ್ತೇನೆ, ಯಾಕೆಂದರೆ ಅಂಕಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ನೀವು ಸರಿಯಾಗಿ ಬಿಟ್ಟ ಶಾಟ್ 9ಕ್ಕೆ ಹೋಗಿ, ತಪ್ಪು ಬಿಟ್ಟದ್ದು 10ಕ್ಕೆ ಬಿದ್ದರೆ, ನಿಮ್ಮ ಕೈ ಏನು ಕಲಿಯುತ್ತದೆ ಹೇಳಿ? ತಪ್ಪನ್ನೇ ಕಲಿಯುತ್ತದೆ. ನಡುಮಟ್ಟದ ಗುಂಡು ನಿಮಗೆ ನಿಜ ಹೇಳುವಷ್ಟು ಚೆನ್ನಾಗಿರುತ್ತದೆ.

595–600ರವರೆಗೆ ನಡುಮಟ್ಟದ್ದರಲ್ಲೇ ಇರಿ, ಒಂದು ಬಾರಿ ಅಳತೆ ಪರೀಕ್ಷೆ ಮಾಡಿ 4.49ಓ 4.50ಓ ಗೊತ್ತು ಮಾಡಿಕೊಳ್ಳಿ. ಉಳಿದ 3000ಕ್ಕೆ ತಿಂಗಳಿಗೆ ನಾಲ್ಕು ದಿನ ಜಾಸ್ತಿ ರೇಂಜ್ ಸಿಗುತ್ತದಾ, ಕೋಚ್ ಜೊತೆ ಒಂದು ಗಂಟೆ ಸಿಗುತ್ತದಾ ನೋಡಿ. ಅಥವಾ ಸೆಕೆಂಡ್ ಹ್ಯಾಂಡ್ ಶೂಟಿಂಗ್ ಜಾಕೆಟ್‌ಗೆ ಕೂಡಿಡಿ, ಮೈಗೆ ಸರಿಯಾಗಿ ಕೂರುವ ಜಾಕೆಟ್ ಕೊಡುವ ಅಂಕ ಯಾವ ಡಬ್ಬಿಯೂ ಕೊಡುವುದಿಲ್ಲ.

600 ದಾಟಿ, ನಾಲ್ಕು ಮ್ಯಾಚ್‌ನಲ್ಲಿ ಮೂರರಲ್ಲಿ ಅಲ್ಲೇ ನಿಂತರೆ, ಆಗ ಮೇಲಿನ ಡಬ್ಬಿ ತನ್ನಿ. ಆಗಲೂ ಎಲ್ಲಾ ದಿನಕ್ಕೂ ಅಲ್ಲ. ನಡುವಿನದರಲ್ಲಿ ಅಭ್ಯಾಸ, ಪಂದ್ಯಕ್ಕೆ ಹತ್ತು ದಿನ ಇರುವಾಗ ಮೇಲಿನದಕ್ಕೆ ಬದಲಾವಣೆ. ಎರಡರ ಗುಂಡು ಒಂದೇ ಜಾಗಕ್ಕೆ ಬೀಳುವುದಿಲ್ಲ, ಗುರಿ ನೋಡುವ ಸೈಟ್ ಅನ್ನು ಒಂದೆರಡು ಕ್ಲಿಕ್ ತಿರುಗಿಸಬೇಕು, ಎಷ್ಟು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಪಂದ್ಯದ ದಿನ ಬೆಳಿಗ್ಗೆ ಹೊಸ ಡಬ್ಬಿ ಒಡೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ಸೈಟಿಂಗ್‌ನ 15 ನಿಮಿಷ, ಅಂದರೆ ಪಂದ್ಯಕ್ಕೆ ಮುಂಚೆ ಗುರಿ ಸರಿಮಾಡಿಕೊಳ್ಳಲು ಕೊಡುವ ಸಮಯ, ಪೂರ್ತಿ ಸೈಟ್ ತಿರುಗಿಸುತ್ತಲೇ ಇರುತ್ತಾರೆ.

ಆ ಮಂಡ್ಯದ ಹುಡುಗ ಈಗ 4.50ರ ನಡುಮಟ್ಟದ ಡಬ್ಬಿಯಲ್ಲಿ ಹೊಡೆಯುತ್ತಿದ್ದಾನೆ. ಹೋದ ಭಾನುವಾರ 547. ಡೈ ವಿಡಿಯೊ ಇನ್ನೂ ನೋಡುತ್ತಾನಂತೆ, ಮಲಗುವ ಮುಂಚೆ.